ತೀರ್ಪಿಗೆ ಮುನ್ನವೇ ಅಳಿಸಿಹೋಗುವ ಬರಹ

2025ರ ಸೆಪ್ಟೆಂಬರ್ ತಿಂಗಳ ಸುದ್ದಿಗಳನ್ನು ಒಟ್ಟಿಗೆ ಇಟ್ಟು ಓದಿದವರಿಗೆ ಗೊಂದಲವಾಗಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಆ ತಿಂಗಳ 6ರಂದು ದೆಹಲಿಯ ರೋಹಿಣಿ ನ್ಯಾಯಾಲಯವು ಅದಾನಿ ಎಂಟರ್‌ಪ್ರೈಸಸ್ ಹೂಡಿದ ಮಾನನಷ್ಟ ದಾವೆಯಲ್ಲಿ, ಪ್ರತಿವಾದಿಗಳ ಮಾತು ಕೇಳುವ ಮೊದಲೇ, ಕಂಪನಿಯ ಹೆಸರಿಗೆ ಧಕ್ಕೆ ತರುತ್ತವೆ ಎನ್ನಲಾದ ಬರಹ ಮತ್ತು ವಿಡಿಯೊಗಳನ್ನು ಅಂತರ್ಜಾಲದಿಂದ ತೆಗೆಯಬೇಕೆಂದು ಮಧ್ಯಂತರ ಆದೇಶ ನೀಡಿತು. 16ರಂದು ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯವು ಅದೇ ಆದೇಶವನ್ನು ಮುಂದಿಟ್ಟುಕೊಂಡು 138 ಯೂಟ್ಯೂಬ್ ಕೊಂಡಿಗಳನ್ನೂ 83 ಇನ್‌ಸ್ಟಾಗ್ರಾಂ ಪೋಸ್ಟ್‌ಗಳನ್ನೂ ತೆಗೆಯುವಂತೆ ಸೂಚಿಸಿತು. 18ರಂದು ರೋಹಿಣಿಯ ಜಿಲ್ಲಾ ನ್ಯಾಯಾಧೀಶರು, ಮೇಲ್ಮನವಿ ಸಲ್ಲಿಸಿದ್ದ ನಾಲ್ವರು ಪತ್ರಕರ್ತರ ಮಟ್ಟಿಗೆ ಆ ಆದೇಶವನ್ನು ರದ್ದುಪಡಿಸಿದರು. ವಾರ ಕಳೆಯುವುದರೊಳಗೆ, 24ರಂದು, ಕರ್ನಾಟಕ ಹೈಕೋರ್ಟ್, ಬರಹ ತೆಗೆಯುವಂತೆ ಸರ್ಕಾರಿ ಅಧಿಕಾರಿಗಳು ವೇದಿಕೆಗಳಿಗೆ ಸೂಚನೆ ಕಳಿಸುವ ಕೇಂದ್ರ ಸರ್ಕಾರದ ‘ಸಹಯೋಗ್’ ಪೋರ್ಟಲನ್ನು ಪ್ರಶ್ನಿಸಿದ್ದ ಎಕ್ಸ್ ಕಂಪನಿಯ ಅರ್ಜಿಯನ್ನು ವಜಾಗೊಳಿಸಿತು.

ಹಾಗಾದರೆ ಒಂದು ಕಂಪನಿಯನ್ನು ಹೆಸರು ಹೇಳಿ ಟೀಕಿಸುವುದು ಕಾನೂನಿಗೆ ಒಪ್ಪಿಗೆಯೋ ಅಲ್ಲವೋ? ಈ ಪ್ರಶ್ನೆ ದೆಹಲಿಯ ಪತ್ರಕರ್ತರದು ಮಾತ್ರವಲ್ಲ. ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಯೊಂದರ ಬಿಲ್ಲಿನ ಬಗ್ಗೆ ಫೇಸ್‌ಬುಕ್‌ನಲ್ಲಿ ಬರೆಯುವವರಿಗೆ, ಧಾರವಾಡದ ಸಪ್ತಾಪುರದ ಕೋಚಿಂಗ್ ಸೆಂಟರಿನ ಜಾಹೀರಾತನ್ನು ಪ್ರಶ್ನಿಸಿ ವಿಡಿಯೊ ಮಾಡುವ ಅಭ್ಯರ್ಥಿಗೆ, ಬಿತ್ತಿದ ಬೀಜ ಮೊಳೆಯಲಿಲ್ಲವೆಂದು ಚೀಲದ ಫೋಟೊ ಸಮೇತ ವಾಟ್ಸ್ಆ್ಯಪ್ ಗುಂಪಿಗೆ ಹಾಕುವ ರಾಣೆಬೆನ್ನೂರಿನ ರೈತನಿಗೆ ಕೂಡ ಇದು ನಾಳೆಯೇ ಎದುರಾಗಬಹುದಾದ ಪ್ರಶ್ನೆ. ಅಂತಿಮ ತೀರ್ಪುಗಳನ್ನು ನೋಡಿದರೆ ಉತ್ತರ ಸಮಾಧಾನಕರವಾಗಿಯೇ ಇದೆ: ಆಧಾರವಿಟ್ಟು ಬರೆದವರ ಪಕ್ಕದಲ್ಲಿ ಕಾನೂನು ಬಹುಮಟ್ಟಿಗೆ ನಿಲ್ಲುತ್ತದೆ. ಆದರೆ ಬರಹಗಳು ಅಳಿಸಿಹೋಗುತ್ತಿರುವುದು ಅಂತಿಮ ತೀರ್ಪಿನಿಂದಲ್ಲ, ಆ ತೀರ್ಪು ಬರುವ ತನಕದ ಅವಧಿಯಲ್ಲಿ. ಗೊಂದಲದ ಮೂಲ ಇಲ್ಲಿದೆ.

ಕಾನೂನಿನ ಪುಸ್ತಕದಲ್ಲಿ ಇರುವುದು

ಸಂವಿಧಾನದ 19(1)(ಎ) ವಿಧಿಯು ಅಭಿವ್ಯಕ್ತಿ ಸ್ವಾತಂತ್ರ್ಯವನ್ನು ಕೊಡುತ್ತದೆ. 19(2) ಅದರ ಮೇಲೆ ಸಮಂಜಸ ನಿರ್ಬಂಧಗಳಿಗೆ ಅವಕಾಶ ಮಾಡಿಕೊಡುತ್ತದೆ, ಮತ್ತು ಆ ನಿರ್ಬಂಧಗಳ ಪಟ್ಟಿಯಲ್ಲಿ ಮಾನಹಾನಿಯೂ ಸೇರಿದೆ. ಮಾನಹಾನಿಗೆ ನಮ್ಮಲ್ಲಿ ಎರಡು ದಾರಿಗಳಿವೆ. ಒಂದು, ಪರಿಹಾರ ಮತ್ತು ತಡೆಯಾಜ್ಞೆ ಕೋರುವ ಸಿವಿಲ್ ದಾವೆ. ಇನ್ನೊಂದು ಕ್ರಿಮಿನಲ್ ಮೊಕದ್ದಮೆ. 2024ರ ಜುಲೈ 1ರವರೆಗೆ ಇದು ಭಾರತೀಯ ದಂಡ ಸಂಹಿತೆಯ 499 ಮತ್ತು 500ನೇ ಸೆಕ್ಷನ್‌ಗಳಲ್ಲಿತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್‌ನಲ್ಲಿದೆ. ಗರಿಷ್ಠ ಶಿಕ್ಷೆ ಎರಡು ವರ್ಷದ ಸಾದಾ ಸಜೆ. ದಂಡ ಅಥವಾ ಸಮುದಾಯ ಸೇವೆಯನ್ನೂ ವಿಧಿಸಬಹುದು. ಮಾನಹಾನಿಯನ್ನು ಅಪರಾಧವಾಗಿ ಉಳಿಸಿಕೊಳ್ಳುವುದು ಸಂವಿಧಾನಬದ್ಧವೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದೆ.

ಎರಡು ದಾರಿಗಳ ನಡುವಿನ ಒಂದು ವ್ಯತ್ಯಾಸ ಬರೆಯುವವರಿಗೆ ಬಹಳ ಮುಖ್ಯ. ಸಿವಿಲ್ ದಾವೆಯಲ್ಲಿ, ಬರೆದದ್ದು ಸತ್ಯವೆಂದು ಸಾಬೀತಾದರೆ ಅಲ್ಲಿಗೆ ಮುಗಿಯಿತು. ಕ್ರಿಮಿನಲ್ ಮೊಕದ್ದಮೆಯಲ್ಲಿ ಸತ್ಯವೊಂದೇ ಸಾಲದು, ಅದನ್ನು ಪ್ರಕಟಿಸಿದ್ದು ಸಾರ್ವಜನಿಕ ಹಿತಕ್ಕಾಗಿ ಎಂದೂ ತೋರಿಸಬೇಕು. ಇನ್ನೊಂದು ಸಂಗತಿ ನಮ್ಮ ಕಡೆ ಹೆಚ್ಚಿನವರಿಗೆ ತಿಳಿದಿಲ್ಲ: ಮಾನಹಾನಿ ಅಸಂಜ್ಞೇಯ ಅಪರಾಧ. ದೂರು ಹೋಗಬೇಕಾದದ್ದು ಮ್ಯಾಜಿಸ್ಟ್ರೇಟರ ಬಳಿಗೆ. ಪೊಲೀಸರು ತಾವಾಗಿ ಎಫ್‌ಐಆರ್ ದಾಖಲಿಸಿ ಬಂಧಿಸುವಂತಿಲ್ಲ. ಆದ್ದರಿಂದ ‘ಠಾಣೆಗೆ ಬಂದು ಪೋಸ್ಟ್ ಡಿಲೀಟ್ ಮಾಡಿ ಹೋಗು’ ಎಂಬ ಫೋನ್ ಕರೆಗೆ, ವಿಷಯ ಬರೀ ಮಾನಹಾನಿಯದ್ದಾಗಿದ್ದರೆ, ಕಾನೂನಿನ ಬಲವಿಲ್ಲ. ಆದರೂ ಆ ಕರೆ ಕೆಲಸ ಮಾಡುತ್ತದೆ ಎನ್ನುವುದು ಬೇರೆ ಮಾತು.

ನೋಟಿಸ್, ವೇದಿಕೆ, ತಡೆಯಾಜ್ಞೆ

ಟೀಕೆಯೊಂದು ಮಾಯವಾಗುವ ಮೊದಲ ಹಂತ ವಕೀಲರ ನೋಟಿಸ್. ಅದು ನ್ಯಾಯಾಲಯದ ಆದೇಶವಲ್ಲ, ಕಕ್ಷಿದಾರರ ಪರವಾಗಿ ಬರೆದ ಪತ್ರ ಮಾತ್ರ. ಆದರೆ ಅದರಲ್ಲಿ ಕೋಟಿಗಳಲ್ಲಿ ಕೇಳಿದ ಪರಿಹಾರದ ಮೊತ್ತ ಇರುತ್ತದೆ, ಏಳು ದಿನದ ಗಡುವು ಇರುತ್ತದೆ, ಕ್ಷಮೆ ಕೇಳಿ ಅದನ್ನು ಪ್ರಕಟಿಸಬೇಕೆಂಬ ಒತ್ತಾಯ ಇರುತ್ತದೆ. 2023ರ ಏಪ್ರಿಲ್‌ನಲ್ಲಿ ಬೋರ್ನ್‌ವಿಟಾದಲ್ಲಿರುವ ಸಕ್ಕರೆಯ ಪ್ರಮಾಣವನ್ನು ಟೀಕಿಸಿ ವಿಡಿಯೊ ಹಾಕಿದ ಇನ್‌ಫ್ಲುಯೆನ್ಸರ್‌ಗೆ ಕಂಪನಿಯಿಂದ ಇಂಥ ನೋಟಿಸ್ ಬಂತು. ಆತ ವಿಡಿಯೊ ತೆಗೆದು ಕ್ಷಮೆ ಕೇಳಿದ. ಅಷ್ಟರಲ್ಲಿ ಆ ವಿಡಿಯೊವನ್ನು ದೇಶವೇ ನೋಡಿಯಾಗಿತ್ತು. ರಾಷ್ಟ್ರೀಯ ಮಕ್ಕಳ ಹಕ್ಕುಗಳ ಆಯೋಗ ಕಂಪನಿಗೇ ನೋಟಿಸ್ ಕೊಟ್ಟಿತು, ಅದೇ ವರ್ಷದ ಡಿಸೆಂಬರ್‌ನಲ್ಲಿ ಕಂಪನಿ ಸೇರಿಸುವ ಸಕ್ಕರೆಯನ್ನು 14.4 ಪ್ರತಿಶತ ಇಳಿಸಿತು. ಬಾಯಿ ಮುಚ್ಚಿಸಲು ಹೋದರೆ ಸುದ್ದಿ ಇನ್ನಷ್ಟು ಹರಡುತ್ತದೆ ಎಂಬುದಕ್ಕೆ ಇದನ್ನು ಉದಾಹರಣೆಯಾಗಿ ಕೊಡುವುದುಂಟು. ಆ ಪಾಠ ಅರ್ಧ ಮಾತ್ರ ನಿಜ. ಲಕ್ಷಾಂತರ ನೋಡುಗರಿದ್ದವರ ವಿಡಿಯೊ ಅಳಿದರೆ ಅದೇ ಸುದ್ದಿಯಾಗುತ್ತದೆ. ಹಾನಗಲ್ಲಿನಲ್ಲೋ ರೋಣದಲ್ಲೋ ಇನ್ನೂರು ಜನ ಓದಿದ ಪೋಸ್ಟ್ ಅಳಿದರೆ ಅದು ಇತ್ತೆಂಬುದೂ ಯಾರಿಗೂ ತಿಳಿಯುವುದಿಲ್ಲ.

ಎರಡನೆಯ ಹಂತ ವೇದಿಕೆಯದ್ದು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಸೆಕ್ಷನ್ ಪ್ರಕಾರ, ಬಳಕೆದಾರರು ಬರೆದದ್ದಕ್ಕೆ ಯೂಟ್ಯೂಬ್, ಫೇಸ್‌ಬುಕ್‌ನಂಥ ಮಧ್ಯವರ್ತಿ ಸಂಸ್ಥೆಗಳು ಹೊಣೆಯಲ್ಲ. ಆದರೆ ಕಾನೂನುಬಾಹಿರ ಅಂಶವಿದೆಯೆಂದು ಗೊತ್ತಾದ ಮೇಲೂ ತೆಗೆಯದಿದ್ದರೆ ಆ ರಕ್ಷಣೆ ಹೋಗುತ್ತದೆ. ‘ಗೊತ್ತಾಗುವುದು’ ಎಂದರೆ ನ್ಯಾಯಾಲಯದ ಆದೇಶ ಅಥವಾ ಸರ್ಕಾರದ ಅಧಿಸೂಚನೆಯ ಮೂಲಕವೇ ಹೊರತು ಯಾರೋ ಕೊಟ್ಟ ದೂರಿನ ಮೂಲಕವಲ್ಲ ಎಂದು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಅಂತರ್ಜಾಲದ ಆಕ್ಷೇಪಾರ್ಹ ಸಂದೇಶಕ್ಕೆ ಶಿಕ್ಷೆ ವಿಧಿಸುತ್ತಿದ್ದ ಅದೇ ಕಾಯ್ದೆಯ 66ಎ ಸೆಕ್ಷನ್ ರದ್ದಾದದ್ದೂ ಆ ತೀರ್ಪಿನಲ್ಲೇ. ಆದೇಶ ಬಂದ ಮೇಲಾದರೋ ವೇದಿಕೆ ವಾದಕ್ಕಿಳಿಯುವುದಿಲ್ಲ. ಒಬ್ಬ ಸಾಮಾನ್ಯ ಬಳಕೆದಾರನ ಪೋಸ್ಟ್ ಉಳಿಸಲು ವಕೀಲರನ್ನು ನಿಲ್ಲಿಸುವುದಕ್ಕಿಂತ ಅದನ್ನು ತೆಗೆದುಹಾಕುವುದು ಅದಕ್ಕೆ ಅಗ್ಗ. ಕಾಪಿರೈಟ್ ದೂರಿನ ದಾರಿಯಂತೂ ಇನ್ನೂ ಹತ್ತಿರದ್ದು: 90 ದಿನಗಳೊಳಗೆ ಮೂರು ಸ್ಟ್ರೈಕ್ (ಕಾಪಿರೈಟ್ ಉಲ್ಲಂಘನೆಯ ಎಚ್ಚರಿಕೆ) ಬಿದ್ದರೆ ಯೂಟ್ಯೂಬ್ ಚಾನೆಲ್ಲನ್ನೇ ಮುಚ್ಚಬಹುದು. ವಿಮರ್ಶೆಗಾಗಿ ತುಣುಕನ್ನು ಬಳಸಲು ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಅವಕಾಶ ಕೊಟ್ಟಿದ್ದರೂ, ಅದನ್ನು ವಾದಿಸುವ ಹೊತ್ತಿಗೆ ಚಾನೆಲ್ ಉಳಿದಿರಬೇಕಷ್ಟೆ.

ಮೂರನೆಯದು ಏಕಪಕ್ಷೀಯ ಮಧ್ಯಂತರ ತಡೆಯಾಜ್ಞೆ. ವಿಷಯದ ತಿರುಳು ಇದೇ. ಕಂಪನಿ ದಾವೆ ಹೂಡುತ್ತದೆ, ತುರ್ತು ಇದೆಯೆನ್ನುತ್ತದೆ, ಎದುರು ಪಕ್ಷದವರಿಗೆ ನೋಟಿಸ್ ತಲುಪುವ ಮೊದಲೇ ಆದೇಶ ಪಡೆಯುತ್ತದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶದ 3ನೇ ನಿಯಮ ಇದಕ್ಕೆ ಅವಕಾಶ ಕೊಡುತ್ತದಾದರೂ, ಎದುರು ಪಕ್ಷವನ್ನು ಕೇಳದಿರಲು ಕಾರಣವೇನೆಂದು ನ್ಯಾಯಾಧೀಶರು ಬರೆದಿಡಬೇಕು. 3ಎ ನಿಯಮದಂತೆ ಅರ್ಜಿಯನ್ನು ಮೂವತ್ತು ದಿನಗಳಲ್ಲಿ ಇತ್ಯರ್ಥಪಡಿಸಲು ಯತ್ನಿಸಬೇಕು. ಗೋಡೆ ಒಡೆಯುವುದನ್ನೋ ಮರ ಕಡಿಯುವುದನ್ನೋ ತಡೆಯಲು ಮಾಡಿದ ಏರ್ಪಾಡು ಇದು. ಅಲ್ಲಿ ತಡೆಯಾಜ್ಞೆ ಇದ್ದದ್ದನ್ನು ಇದ್ದಂತೆ ಕಾಯುತ್ತದೆ. ಬರಹದ ವಿಷಯದಲ್ಲಿ ಅದು ಇದ್ದದ್ದನ್ನೇ ಅಳಿಸುತ್ತದೆ. ಸೆಪ್ಟೆಂಬರ್ 18ರ ಆದೇಶದಲ್ಲಿ ಜಿಲ್ಲಾ ನ್ಯಾಯಾಧೀಶರು ಎತ್ತಿದ ಪ್ರಶ್ನೆಯ ಸಾರವೂ ಇದೇ: ಬಹುಕಾಲದಿಂದ ಸಾರ್ವಜನಿಕವಾಗಿದ್ದ ಲೇಖನಗಳನ್ನು ಬರೆದವರ ಮಾತು ಕೇಳದೆ ತೆಗೆಸಿ, ಆಮೇಲೆ ಅವು ಮಾನಹಾನಿಕರವಲ್ಲವೆಂದು ಕಂಡುಬಂದರೆ ಮತ್ತೆ ಮೊದಲಿನಂತೆ ಮಾಡುವುದು ಹೇಗೆ?

ಸೆಪ್ಟೆಂಬರ್ 6ರ ಆದೇಶದಲ್ಲಿ ಇನ್ನೊಂದು ಅಂಶವಿತ್ತು, ಅದಕ್ಕೆ ಸಿಗಬೇಕಾದಷ್ಟು ಗಮನ ಸಿಗಲಿಲ್ಲ. ಮುಂದೆ ಕಾಣಿಸುವ ಇಂಥ ಕೊಂಡಿಗಳನ್ನು ಕಂಪನಿಯೇ ಗುರುತಿಸಿ ವೇದಿಕೆಗಳಿಗೂ ಸರ್ಕಾರಿ ಸಂಸ್ಥೆಗಳಿಗೂ ಕಳಿಸಬಹುದು, ಅವು 36 ಗಂಟೆಗಳಲ್ಲಿ ತೆಗೆಯಬೇಕು ಎಂಬುದೇ ಅದು. ಯಾವುದು ಮಾನಹಾನಿ, ಯಾವುದು ಅಲ್ಲ ಎಂದು ನಿರ್ಧರಿಸುವ ನ್ಯಾಯಾಧೀಶರ ಕೆಲಸವನ್ನು ವಾದಿಯ ಕೈಗೇ ಒಪ್ಪಿಸಿದಂತಾಯಿತು. ಸಂಪಾದಕರ ಸಂಘಟನೆಯಾದ ಎಡಿಟರ್ಸ್ ಗಿಲ್ಡ್ ಆಕ್ಷೇಪಿಸಿದ್ದೂ ಇದನ್ನೇ.

ಕಂಪನಿಗಳಷ್ಟೇ ಈ ದಾರಿ ಹಿಡಿಯುತ್ತವೆ ಎಂದಲ್ಲ. ಅದೇ ವರ್ಷದ ಜುಲೈನಲ್ಲಿ ಧರ್ಮಸ್ಥಳ ಪ್ರಕರಣದ ವರದಿಗಳಿಗೆ ಸಂಬಂಧಿಸಿ ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಿಂದ ಬಂದ ಏಕಪಕ್ಷೀಯ ಆದೇಶದ ವ್ಯಾಪ್ತಿಯಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಕೊಂಡಿಗಳಿದ್ದವು. ಯೂಟ್ಯೂಬ್ ಚಾನೆಲ್ಲೊಂದು ಪ್ರಶ್ನಿಸಿದಾಗ ಹೈಕೋರ್ಟ್ ಆಗಸ್ಟ್ 1ರಂದು ಆ ಚಾನೆಲ್ಲಿನ ಮಟ್ಟಿಗೆ ಅದನ್ನು ರದ್ದು ಮಾಡಿತು. ಎರಡೂ ಪ್ರಕರಣಗಳಲ್ಲಿ ಪರಿಹಾರ ಸಿಕ್ಕಿದ್ದು ಮೇಲಿನ ಕೋರ್ಟಿಗೆ ಹೋದವರಿಗೆ ಮಾತ್ರ ಎಂಬುದನ್ನು ಗಮನಿಸಬೇಕು. ಹೋಗದವರಿಗೆ ಆ ಆದೇಶಗಳಿಂದ ಪ್ರಯೋಜನವಾಗಲಿಲ್ಲ.

ಕಂಪನಿಗಳ ಅಳಲು ಸುಳ್ಳಲ್ಲ

ಇಲ್ಲಿ ಕಂಪನಿಗಳ ಪಕ್ಷವನ್ನು ಹಗುರವಾಗಿ ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ. ದೊಡ್ಡ ಉದ್ಯಮವೊಂದು ನಾಲ್ಕು ವಿಡಿಯೊಗಳಿಂದ ಮುಳುಗುವುದಿಲ್ಲ. ಸಣ್ಣ ಸಂಸ್ಥೆ ಮುಳುಗಬಹುದು. ಸಹಕಾರ ಚಳವಳಿಗೆ ನಾಂದಿಯಾದ ಕಣಗಿನಹಾಳದ ಸಂಘ 1905ರಲ್ಲಿ ಹುಟ್ಟಿದ್ದು ಗದಗ ಜಿಲ್ಲೆಯಲ್ಲೇ, ಮತ್ತು ಇವತ್ತಿಗೂ ಈ ಭಾಗದ ಊರೂರಿನಲ್ಲಿ ಪತ್ತಿನ ಸಹಕಾರ ಸಂಘಗಳಿವೆ. ಸಹಕಾರಿ ಬ್ಯಾಂಕಿನ ಠೇವಣಿಗೆ ಐದು ಲಕ್ಷ ರೂಪಾಯಿವರೆಗೆ ವಿಮೆಯಿದೆ, ಪತ್ತಿನ ಸಂಘದ ಠೇವಣಿಗೆ ಅದಿಲ್ಲ. ಹಾಗಾಗಿ ‘ಆ ಸಂಘ ಮುಳುಗುತ್ತದಂತೆ’ ಎಂಬ ಒಂದೇ ಒಂದು ವಾಟ್ಸ್ಆ್ಯಪ್ ಸಂದೇಶಕ್ಕೆ ಠೇವಣಿದಾರರು ಓಡಿ ಬರುವುದು ಮೂರ್ಖತನವಲ್ಲ, ತಮ್ಮ ಹಣದ ಬಗೆಗಿನ ಸಹಜ ಎಚ್ಚರ. ಎಲ್ಲರೂ ಒಂದೇ ದಿನ ಬಂದರೆ ಚೆನ್ನಾಗಿ ನಡೆಯುತ್ತಿದ್ದ ಸಂಘವೂ ನಿಜವಾಗಿಯೇ ಮುಳುಗುತ್ತದೆ. ಇಂಥ ಸಂದರ್ಭದಲ್ಲಿ ಆರು ತಿಂಗಳ ನಂತರ ಸಿಗುವ ತೀರ್ಪಿನಿಂದ ಪ್ರಯೋಜನವಿಲ್ಲ. ಇವತ್ತೇ ತಡೆ ಬೇಕು ಎಂಬ ವಾದದಲ್ಲಿ ಹುರುಳಿದೆ.

ಆದರೆ ಅದೇ ಉದಾಹರಣೆ ಎದುರು ದಿಕ್ಕಿಗೂ ಎಳೆಯುತ್ತದೆ. ಸಂಘದ ಆಡಳಿತ ಮಂಡಳಿಯವರು ತಮ್ಮವರಿಗೇ ಸಾಲ ಹಂಚಿಕೊಂಡಿದ್ದಾರೆಂದು ಸದಸ್ಯನೊಬ್ಬ ಲೆಕ್ಕಪತ್ರ ಹಿಡಿದು ಬರೆದರೆ, ಹೊರನೋಟಕ್ಕೆ ಅದೂ ‘ಸಂಘಕ್ಕೆ ಕೆಟ್ಟ ಹೆಸರು ತರುವ ಸಂದೇಶ’ವೇ. ಆಡಿಟ್ ವರದಿ ಬರುವ ತನಕ ವದಂತಿಗೂ ಎಚ್ಚರಿಕೆಗೂ ಒಂದೇ ಮುಖ. ವಿಮೆಯಿಲ್ಲದ ಠೇವಣಿದಾರನಿಗೆ ಎಚ್ಚರಿಕೆಯ ಬೆಲೆ ಇನ್ನೂ ಹೆಚ್ಚು. ಒಂದು ಪಕ್ಷವನ್ನಷ್ಟೇ ಕೇಳಿದ ನ್ಯಾಯಾಧೀಶರಿಗೆ ಇವೆರಡರ ನಡುವಿನ ವ್ಯತ್ಯಾಸ ಕಾಣುವುದಾದರೂ ಹೇಗೆ?

ಸುಪ್ರೀಂ ಕೋರ್ಟ್ 2024ರ ಮಾರ್ಚ್ 22ರಂದು ಬ್ಲೂಮ್‌ಬರ್ಗ್ ಮತ್ತು ಜೀ ಕಂಪನಿಗಳ ನಡುವಿನ ಪ್ರಕರಣದಲ್ಲಿ ಹಾಕಿಕೊಟ್ಟ ಅಳತೆಗೋಲು ಇಲ್ಲಿ ನೆರವಿಗೆ ಬರುತ್ತದೆ. ಬರಹವು ದುರುದ್ದೇಶದ್ದು ಅಥವಾ ಮೇಲ್ನೋಟಕ್ಕೇ ಸುಳ್ಳು ಎಂದು ಕಂಡುಬರದ ಹೊರತು, ಪೂರ್ಣ ವಿಚಾರಣೆಗೆ ಮುನ್ನ ಅದನ್ನು ತಡೆಯಬಾರದು. ಅಂಥ ತಡೆ ವಿಚಾರಣೆಗೆ ಮುನ್ನವೇ ಬರಹಕ್ಕೆ ಮರಣದಂಡನೆ ವಿಧಿಸಿದಂತಾಗಬಹುದು ಎಂದು ಪೀಠ ಎಚ್ಚರಿಸಿತು. ಇದರ ಬೇರು 1891ರ ಇಂಗ್ಲೆಂಡಿನ ಬೊನಾರ್ಡ್ ಪ್ರಕರಣದಲ್ಲಿದೆ. ಅಳತೆಗೋಲು ಬಂದು ಹದಿನೆಂಟು ತಿಂಗಳಿಗೆ ರೋಹಿಣಿಯ ಆದೇಶ ಬಂತೆಂದರೆ, ನಿಯಮದ ಕೊರತೆಗಿಂತ ಕೆಳಹಂತದಲ್ಲಿ ಅದರ ಪಾಲನೆಯ ಕೊರತೆಯೇ ದೊಡ್ಡದೆನ್ನಬೇಕು.

ಆಧಾರ ಎಂದರೆ ಎಷ್ಟು ಆಧಾರ?

2020ರ ಜನವರಿಯಲ್ಲಿ ಬಾಂಬೆ ಹೈಕೋರ್ಟಿನ ಏಕಸದಸ್ಯ ಪೀಠವು ಪ್ಯಾರಾಶೂಟ್ ಕೊಬ್ಬರಿ ಎಣ್ಣೆಯ ಗುಣಮಟ್ಟವನ್ನು ಪ್ರಶ್ನಿಸಿದ್ದ ಯೂಟ್ಯೂಬರ್‌ಗೆ ವಿಡಿಯೊ ತೆಗೆಯಲು ಹೇಳಿತು. ಆತ ಮಾಡಿ ತೋರಿಸಿದ ಪರೀಕ್ಷೆಯನ್ನು ನ್ಯಾಯಾಲಯ ಒಪ್ಪಲಿಲ್ಲ. ಮರು ತಿಂಗಳು ವಿಭಾಗೀಯ ಪೀಠ ಆ ಆದೇಶಕ್ಕೆ ತಡೆ ಕೊಟ್ಟಿತು. 2025ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟ್, ಪ್ರೊಟೀನ್ ಪುಡಿಯೊಂದನ್ನು ಟೀಕಿಸಿದ ವಿಡಿಯೊಗಳನ್ನು ತೆಗೆಸಲು ಒಪ್ಪಲಿಲ್ಲ. ಅಲ್ಲಿ ಟೀಕೆಯ ಹಿಂದೆ ಪ್ರಯೋಗಾಲಯದ ವರದಿಗಳಿದ್ದವು, ಮಾತು ಖಾರವಾಗಿದ್ದರೂ ಆಧಾರವಿದ್ದ ಅಭಿಪ್ರಾಯವನ್ನು ತಡೆಯಲಾಗದು ಎಂಬುದು ಪೀಠದ ನಿಲುವಾಗಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟರೆ ನ್ಯಾಯಾಲಯಗಳು ದನಿಗಿಂತ ವಿಧಾನವನ್ನು ನೋಡುತ್ತವೆ ಎಂದು ತಿಳಿಯುತ್ತದೆ.

ಆದರೆ ಪ್ರಯೋಗಾಲಯದ ವರದಿ ಎಲ್ಲ ಟೀಕೆಗೂ ಸಿಗುವುದಿಲ್ಲ. ರೈತನ ಉದಾಹರಣೆಯನ್ನೇ ನೋಡಬಹುದು. ತಂದ ಬೀಜವನ್ನೆಲ್ಲ ಬಿತ್ತಿ, ಮೊಳಕೆ ಬಾರದೆ ಹೋದಾಗ ಪರೀಕ್ಷೆಗೆ ಕಳಿಸಲು ಅವನ ಬಳಿ ಉಳಿದಿರುವುದು ಖಾಲಿ ಚೀಲ. 2012ರಲ್ಲಿ ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ವಾಸ್ತವವನ್ನು ಒಪ್ಪಿಕೊಂಡಿತು: ಬೀಜ ಕೊಂಡ ರೈತ ಗ್ರಾಹಕನೇ ಆಗಿದ್ದು ಗ್ರಾಹಕರ ವೇದಿಕೆಗೆ ಹೋಗಬಹುದು, ಮುಂದೊಂದು ದಿನ ದೂರು ಕೊಡಬೇಕಾದೀತೆಂದು ಅವನು ಬೀಜದ ಮಾದರಿ ತೆಗೆದಿಟ್ಟಿರಬೇಕೆಂದು ನಿರೀಕ್ಷಿಸಲಾಗದು. ಗ್ರಾಹಕರ ನ್ಯಾಯಾಲಯದಲ್ಲಿ ಚೀಲ, ಲಾಟ್ ನಂಬರ್ ಇರುವ ಚೀಟಿ, ಅಂಗಡಿಯ ಬಿಲ್ಲು, ಕೃಷಿ ಇಲಾಖೆಯವರು ಹೊಲ ನೋಡಿ ಬರೆದ ವರದಿ ಇವೇ ಸಾಕ್ಷಿಯಾಗುತ್ತವೆ. ಅದೇ ದೂರನ್ನು ಅವನು ಫೇಸ್‌ಬುಕ್‌ನಲ್ಲಿ ಬರೆದು, ಕಂಪನಿ ಸಿವಿಲ್ ಕೋರ್ಟಿನಲ್ಲಿ ತಡೆ ಕೇಳಿದರೆ, ಇವನ್ನೆಲ್ಲ ತೋರಿಸುವ ಸರದಿ ಬರುವ ಮೊದಲೇ ಪೋಸ್ಟ್ ಹೋಗಿರುತ್ತದೆ, ಬಿತ್ತನೆಯ ಹಂಗಾಮೂ ಮುಗಿದಿರುತ್ತದೆ.

ದೂರದ ಕೋರ್ಟು

ಮಾನನಷ್ಟ ದಾವೆಯನ್ನು ಬರೆದವನ ಊರಿನಲ್ಲಿ ಮಾತ್ರವಲ್ಲ, ಹಾನಿ ಆಯಿತೆನ್ನುವ ಊರಿನಲ್ಲೂ ಹೂಡಬಹುದು. ಪತ್ರಿಕೆ ಹಂಚಿಕೆಯಾಗುವ ಊರುಗಳಿಗೆ ಮಿತಿಯಿದ್ದ ಕಾಲದ ನಿಯಮ ಇದು; ಅಂತರ್ಜಾಲದಲ್ಲಿ ಹಾಕಿದ್ದು ಎಲ್ಲ ಕಡೆಯೂ ಓದಲು ಸಿಗುವುದರಿಂದ ಕಂಪನಿ ತನಗೆ ಬೇಕಾದ ಕೋರ್ಟನ್ನು ಆರಿಸಿಕೊಳ್ಳಲು ಇದು ದಾರಿಯಾಗಿದೆ.

ಐಐಪಿಎಂ ಎಂಬ ಮ್ಯಾನೇಜ್‌ಮೆಂಟ್ ಶಿಕ್ಷಣ ಸಂಸ್ಥೆಯ ಕತೆಯನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಭಾರತದಲ್ಲಿ ಬ್ಲಾಗರ್‌ಗಳ ಸ್ವಾತಂತ್ರ್ಯದ ಚರ್ಚೆ ಬಹುಮಟ್ಟಿಗೆ ಅಲ್ಲಿಂದಲೇ ಆರಂಭವಾಯಿತು. 2005ರಲ್ಲಿ ಅದರ ಜಾಹೀರಾತುಗಳ ಹೇಳಿಕೆಗಳನ್ನು ಪ್ರಶ್ನಿಸಿದ ಬ್ಲಾಗರ್‌ಗೆ ನೋಟಿಸ್ ಬಂತು. ಆತ ಕೆಲಸ ಮಾಡುತ್ತಿದ್ದ ಐಬಿಎಂ ಮೇಲೂ ಒತ್ತಡ ಬಿದ್ದು, ಕಂಪನಿಗೆ ಮುಜುಗರವಾಗಬಾರದೆಂದು ಆತ ಕೆಲಸವನ್ನೇ ಬಿಟ್ಟ. 2011ರಲ್ಲಿ ಕ್ಯಾರವಾನ್ ಪತ್ರಿಕೆಯ ಲೇಖನದ ವಿರುದ್ಧ 50 ಕೋಟಿ ರೂಪಾಯಿಯ ದಾವೆ ಬಿತ್ತು. ಸಂಸ್ಥೆಯೂ ಪತ್ರಿಕೆಯೂ ದೆಹಲಿಯವೇ ಆಗಿದ್ದರೂ ದಾವೆ ಹೂಡಿದ್ದು ಅಸ್ಸಾಮಿನ ಸಿಲ್ಚಾರ್‌ನಲ್ಲಿ. 2013ರ ಫೆಬ್ರುವರಿಯಲ್ಲಿ ಗ್ವಾಲಿಯರ್ ಕೋರ್ಟಿನ ಆದೇಶದಂತೆ 73 ಕೊಂಡಿಗಳನ್ನು ನಿರ್ಬಂಧಿಸಲಾಯಿತು. ಅವುಗಳಲ್ಲಿ, ಈ ಸಂಸ್ಥೆ ಪದವಿ ನೀಡಲು ಅರ್ಹವಲ್ಲವೆಂದು ಎಚ್ಚರಿಸಿದ್ದ ಯುಜಿಸಿಯ ಸ್ವಂತ ಪ್ರಕಟಣೆಯೂ ಇತ್ತು. ಕ್ಯಾರವಾನ್ ಲೇಖನದ ಮೇಲಿದ್ದ ತಡೆಯನ್ನು ದೆಹಲಿ ಹೈಕೋರ್ಟ್ ತೆಗೆದದ್ದು 2018ರ ಫೆಬ್ರುವರಿಯಲ್ಲಿ. ದೆಹಲಿಯ ಹೊರಗಿನ ಕ್ಯಾಂಪಸ್‌ಗಳನ್ನು ಮುಚ್ಚುವುದಾಗಿ ಸಂಸ್ಥೆ 2015ರಲ್ಲೇ ಪ್ರಕಟಿಸಿತ್ತು. ಲೇಖನ ಯಾರಿಗೆ ಬೇಕಾಗಿತ್ತೋ ಆ ವಿದ್ಯಾರ್ಥಿಗಳು ಅಷ್ಟರಲ್ಲಿ ಶುಲ್ಕ ಕಟ್ಟಿ, ಓದು ಮುಗಿಸಿ ಹೊರಬಿದ್ದಿದ್ದರು.

ಧಾರವಾಡದ ಕೋಚಿಂಗ್ ಕೇಂದ್ರಗಳ ಸುತ್ತ ನಡೆಯುವ ಚರ್ಚೆಗೆ ಈ ಕತೆ ನೇರವಾಗಿ ತಾಗುತ್ತದೆ. ಆಯ್ಕೆಯಾದ ಅಭ್ಯರ್ಥಿಗಳ ಫೋಟೊಗಳನ್ನು ಹಲವು ಸಂಸ್ಥೆಗಳು ತಮ್ಮವರೆಂದು ಹಾಕಿಕೊಳ್ಳುತ್ತವೆ ಎಂಬ ದೂರು ದೇಶದೆಲ್ಲೆಡೆ ಎಷ್ಟು ವ್ಯಾಪಕವಾಯಿತೆಂದರೆ, ಆಯ್ಕೆಯ ನಂತರ ಪಡೆದ ಲಿಖಿತ ಒಪ್ಪಿಗೆಯಿಲ್ಲದೆ ಅವನ್ನು ಬಳಸುವಂತಿಲ್ಲ ಎಂಬ ಮಾರ್ಗಸೂಚಿಯನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಹೊರಡಿಸಬೇಕಾಯಿತು. ವಿದ್ಯಾರ್ಥಿಗಳ ಇಂಥ ದೂರುಗಳು ಮಧ್ಯಂತರ ಆದೇಶಗಳಿಂದ ಅಳಿದುಹೋಗಿದ್ದರೆ ಪ್ರಾಧಿಕಾರದ ಗಮನಕ್ಕೆ ಬರುವುದು ಕಷ್ಟವಿತ್ತು.

ನಮ್ಮ ಭಾಗದವರಿಗೆ ಇನ್ನೊಂದು ತೊಡಕಿದೆ. ಬೆಂಗಳೂರಿಗೆ ಅಲೆಯುವುದು ತಪ್ಪಲೆಂದು ಹೋರಾಡಿ ಪಡೆದ ಹೈಕೋರ್ಟ್ ಪೀಠ ಧಾರವಾಡದಲ್ಲಿದೆ. 2008ರಲ್ಲಿ ಸಂಚಾರಿ ಪೀಠವಾಗಿ ಬಂದು 2013ರಲ್ಲಿ ಕಾಯಂ ಆಯಿತು. ಆದರೆ ತಡೆಯಾಜ್ಞೆ ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಿಂದ ಬಂದರೆ ಹಾವೇರಿಯವರೂ ಗದಗಿನವರೂ ಮೇಲ್ಮನವಿಗೆ ಬೆಂಗಳೂರಿನ ಪ್ರಧಾನ ಪೀಠಕ್ಕೇ ಹೋಗಬೇಕು. ದೆಹಲಿಯಿಂದ ಬಂದರೆ ದೆಹಲಿಗೆ. ಏಕಪಕ್ಷೀಯ ಆದೇಶ ತಪ್ಪಿಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 148ಎ ಸೆಕ್ಷನ್ ಅಡಿ ಕೆವಿಯಟ್, ಅಂದರೆ ನಮ್ಮನ್ನೂ ಕೇಳಿ ಎಂಬ ಮುಂಗಡ ಅರ್ಜಿ, ಹಾಕಿಡಬಹುದು. 90 ದಿನ ಅದು ಜಾರಿಯಲ್ಲಿರುತ್ತದೆ, ಅಷ್ಟರೊಳಗೆ ದಾವೆ ಬಿದ್ದರೆ ನಮ್ಮನ್ನು ಕೇಳದೆ ಆದೇಶ ಆಗುವುದಿಲ್ಲ. ಲೀಗಲ್ ನೋಟಿಸ್ ಬಂದ ಕೂಡಲೇ ಮಾಡಬಹುದಾದ ಅತ್ಯಂತ ಉಪಯುಕ್ತ ಕೆಲಸ ಇದು. ಅದರ ದೌರ್ಬಲ್ಯವೂ ಸ್ಪಷ್ಟ: ದಾವೆ ಯಾವ ಊರಿನ ಯಾವ ಕೋರ್ಟಿನಲ್ಲಿ ಬೀಳುತ್ತದೆಂದು ಮೊದಲೇ ಊಹಿಸಬೇಕು. ಬರೆದವರು ಯಾರೆಂದು ಗುರುತಿಸದೆ, ಹೆಸರಿಲ್ಲದ ಪ್ರತಿವಾದಿಗಳ ವಿರುದ್ಧ ಹೂಡುವ ದಾವೆಗಳಲ್ಲಂತೂ ನೋಟಿಸೇ ಬರುವುದಿಲ್ಲ.

ಹೆಸರು ಹೇಳದ ಟೀಕೆ

ಈ ಭಯದ ಪರಿಣಾಮ ಈಗಾಗಲೇ ಕನ್ನಡದ ಬರಹಗಳಲ್ಲೂ ವಿಡಿಯೊಗಳಲ್ಲೂ ಕಾಣುತ್ತಿದೆ. ‘ನಗರದ ಪ್ರತಿಷ್ಠಿತ ಆಸ್ಪತ್ರೆಯೊಂದು’, ‘ಒಂದು ಹೆಸರಾಂತ ಬೀಜ ಕಂಪನಿ’ ಎಂದು ಬರೆಯುವುದು ರೂಢಿಯಾಗಿದೆ. ಬರೆಯುವವರಿಗೆ ಇದು ಸುರಕ್ಷಿತ, ಓದುವವರಿಗೆ ನಿರುಪಯುಕ್ತ. ಇದರ ಪೆಟ್ಟು ಬೀಳುವುದು ತಪ್ಪಿಲ್ಲದ ವ್ಯಾಪಾರಿಗಳ ಮೇಲೆ ಎಂಬುದನ್ನು ಮಾತ್ರ ಯಾರೂ ಲೆಕ್ಕ ಹಿಡಿಯುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿ ಮಾರಾಟವಾಗುವುದೇ ಅದರ ಬಣ್ಣಕ್ಕಾಗಿ. ‘ಬ್ಯಾಡಗಿ ಹೆಸರಿನ ಖಾರದ ಪುಡಿಗೆ ಒಂದು ಕಂಪನಿ ಬಣ್ಣ ಬೆರೆಸುತ್ತಿದೆ’ ಎಂದು ಹೆಸರು ಹೇಳದೆ ಬರೆದರೆ, ಬೆರೆಸಿದ ಕಂಪನಿಗೆ ಆಗುವ ನಷ್ಟಕ್ಕಿಂತ ಬೆರೆಸದ ಎಲ್ಲರಿಗೂ, ಕೊನೆಗೆ ಮಾರುಕಟ್ಟೆಗೆ ಚೀಲ ತಂದ ರೈತನಿಗೂ ಆಗುವ ನಷ್ಟ ದೊಡ್ಡದು. ಹೆಸರು, ಬ್ಯಾಚ್ ನಂಬರ್, ಪರೀಕ್ಷೆಯ ದಿನಾಂಕ ಕೊಟ್ಟು ಬರೆದ ಟೀಕೆಯೇ ಇಡೀ ವ್ಯಾಪಾರಕ್ಕೆ ಕಡಿಮೆ ಹಾನಿಕರ. ಹಾಗೆ ಬರೆದವರಿಗೇ ಕಾನೂನಿನ ಅಪಾಯ ಹೆಚ್ಚು ಎಂಬುದು ಈಗಿನ ವ್ಯವಸ್ಥೆಯ ವೈಪರೀತ್ಯ.

ಟೀಕೆಯ ಜಾಗವೇ ಬದಲಾಗಿರುವುದೂ ಇದಕ್ಕೆ ಕಾರಣ. 2011ರಲ್ಲಿ ಗದಗ ಜಿಲ್ಲೆಯ ಹಳ್ಳಿಗುಡಿಯಲ್ಲಿ ಪೋಸ್ಕೊ ಉಕ್ಕಿನ ಕಾರ್ಖಾನೆಗೆ ವಿರೋಧ ಎದ್ದಾಗ ಮಾತು ನಡೆದದ್ದು ಊರ ಸಭೆಗಳಲ್ಲಿ, ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ. ಕಂಪನಿ 2013ರಲ್ಲಿ ಯೋಜನೆಯಿಂದ ಹಿಂದೆ ಸರಿಯಿತು. ಅಲ್ಲಿ ಆಡಿದ ಮಾತನ್ನು ಆಡಿದ ಮೇಲೆ ತೆಗೆಸಲು ಯಾವ ಅರ್ಜಿ ನಮೂನೆಯೂ ಇರಲಿಲ್ಲ.

ಮುಂದೇನಾಗಬಹುದು

ಬೇರೆ ದೇಶಗಳು ಈ ತೊಡಕನ್ನು ಬೇರೆ ಬೇರೆ ರೀತಿ ಬಿಡಿಸಿಕೊಂಡಿವೆ. ಆಸ್ಟ್ರೇಲಿಯಾದಲ್ಲಿ 2006ರಿಂದ ಹತ್ತು ಅಥವಾ ಹೆಚ್ಚು ನೌಕರರಿರುವ ಲಾಭದ ಕಂಪನಿ ಮಾನನಷ್ಟ ದಾವೆಯನ್ನೇ ಹೂಡುವಂತಿಲ್ಲ. ಮೇಲೆ ಹೇಳಿದ ಸಣ್ಣ ಸಂಘದಂಥವುಗಳಿಗೆ ಅವಕಾಶ ಉಳಿಯುತ್ತದೆ. ಇಂಗ್ಲೆಂಡಿನ 2013ರ ಕಾಯ್ದೆಯಂತೆ ಕಂಪನಿ ಗಂಭೀರ ಆರ್ಥಿಕ ನಷ್ಟವನ್ನು ತೋರಿಸಬೇಕು. ಬಾಯಿ ಮುಚ್ಚಿಸಲೆಂದೇ ಹೂಡಿದ ದಾವೆಗಳನ್ನು ಆರಂಭದಲ್ಲೇ ವಜಾ ಮಾಡುವ ಕಾನೂನು ಕ್ಯಾಲಿಫೋರ್ನಿಯಾದಲ್ಲಿ 1992ರಿಂದ ಇದೆ, ಐರೋಪ್ಯ ಒಕ್ಕೂಟ 2024ರಲ್ಲಿ ಅಂಥ ನಿರ್ದೇಶನ ಹೊರಡಿಸಿತು. ಭಾರತದಲ್ಲಿ ಅಂಥ ಕಾಯ್ದೆಯಿಲ್ಲ. ಇವುಗಳಲ್ಲಿ ಆಸ್ಟ್ರೇಲಿಯಾದ ಮಾದರಿಯೇ ನಮ್ಮ ಸ್ಥಿತಿಗೆ ಹೆಚ್ಚು ಹೊಂದುತ್ತದೆ ಎನ್ನಬಹುದು, ಆದರೆ ಸಂಸತ್ತಿನಲ್ಲಿ ಅದಕ್ಕೆ ಬೆಂಬಲ ಸಿಗುವ ಲಕ್ಷಣವಿಲ್ಲ.

ಬದಲಾವಣೆ ಬಂದಿರುವುದು ಅನಿರೀಕ್ಷಿತ ಕಡೆಯಿಂದ. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 223ನೇ ಸೆಕ್ಷನ್ ಪ್ರಕಾರ, ಖಾಸಗಿ ದೂರಿನ ಮೇಲೆ ಮ್ಯಾಜಿಸ್ಟ್ರೇಟರು ಆರೋಪಿಯ ಮಾತು ಕೇಳದೆ ಅಪರಾಧವನ್ನು ಪರಿಗಣನೆಗೆ ತೆಗೆದುಕೊಳ್ಳುವಂತಿಲ್ಲ. ಮಾನಹಾನಿಯ ಕ್ರಿಮಿನಲ್ ದೂರಿಗೂ ಇದು ಅನ್ವಯಿಸುತ್ತದೆ. ಎಂದರೆ, ಜೈಲಿನ ಭಯವಿರುವ ದಾರಿಯಲ್ಲಿ ಈಗ ಬರೆದವನಿಗೆ ಮೊದಲೇ ಮಾತಾಡಲು ಅವಕಾಶವಿದೆ, ಬರಹವನ್ನು ಅಳಿಸುವ ಸಿವಿಲ್ ದಾರಿಯಲ್ಲಿ ಇಲ್ಲ. ಕಂಪನಿಗಳ ವಕೀಲರು ಈ ವ್ಯತ್ಯಾಸವನ್ನು ಗಮನಿಸದೆ ಇರಲಾರರು. ಮುಂದಿನ ದಿನಗಳಲ್ಲಿ ಕ್ರಿಮಿನಲ್ ದೂರುಗಳು ಕಡಿಮೆಯಾಗಿ, ಪರಿಹಾರದ ದೊಡ್ಡ ಮೊತ್ತ ಮತ್ತು ಹೆಸರಿಲ್ಲದ ಪ್ರತಿವಾದಿಗಳನ್ನು ಒಳಗೊಂಡ ಸಿವಿಲ್ ದಾವೆಗಳು ಹೆಚ್ಚಾಗುವ ಸಾಧ್ಯತೆಯೇ ಹೆಚ್ಚು. ಜಿಲ್ಲಾ ಮಟ್ಟದ ನ್ಯಾಯಾಲಯಗಳು 39ನೇ ಆದೇಶದ ಅಡಿ ಕಾರಣಗಳನ್ನು ಬರೆದಿಡುವ ಷರತ್ತನ್ನೂ ಮೂವತ್ತು ದಿನಗಳ ಮಿತಿಯನ್ನೂ ಎಷ್ಟು ಕಟ್ಟುನಿಟ್ಟಾಗಿ ಪಾಲಿಸುತ್ತವೆ ಎಂಬುದರ ಮೇಲೆ ಅವುಗಳ ಫಲ ನಿಂತಿರುತ್ತದೆ.